ಓದುಗರ ಪ್ರಶ್ನೆ, ಬಲ್ಲವರ ಉತ್ತರ: ನಮ್ಮ ಬೀದಿಯ ಸರ್ಕಾರಿ ಶಾಲೆ

ಪಟ್ಟಣ, ನಗರಗಳ ಸರ್ಕಾರಿ ಶಾಲೆಗಳ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆರಿಸಿದ್ದೇವೆ. ತಾಯಂದಿರು, ತಂದೆಯರು, ಮುಖ್ಯಶಿಕ್ಷಕಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಬಡಾವಣೆಯ ಮುಖಂಡರು ಬರೆದಿದ್ದಾರೆ. ಶಾಲೆಯ ಒಳಗೆ ನಡೆಯುವುದು ಒಂದು, ಬೀದಿಯಲ್ಲಿ ಅದರ ಬಗ್ಗೆ ಆಡುವ ಮಾತು ಇನ್ನೊಂದು ಎಂಬ ತೊಡಕು ಹೆಚ್ಚುಕಡಿಮೆ ಎಲ್ಲ ಪತ್ರಗಳಲ್ಲೂ ಇದೆ. ನಗರದ ಶಾಲೆಗಳಲ್ಲಿ ಪಾಠ ಮಾಡುವವರು, ಎಸ್‌ಡಿಎಂಸಿಗಳ ಜೊತೆ ಕೆಲಸ ಮಾಡುವವರು ಸೇರಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಮಗಳು ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ 2ನೇ ಕ್ಲಾಸು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಒಂದೇ ರೂಮಿನಲ್ಲಿ ಕೂರಿಸುತ್ತಾರೆ. ಬೆಂಚಿಲ್ಲ, ನೆಲದ ಮೇಲೆ ಗುಂಪುಗುಂಪಾಗಿ ಕೂತು ಕಾರ್ಡು ಇಟ್ಟುಕೊಂಡು ಆಡುತ್ತಿರುತ್ತಾರೆ. ‘ಅಲ್ಲಿ ಏನೂ ಹೇಳಿಕೊಡಲ್ಲ, ಸಾಲ ಮಾಡಿಯಾದರೂ ಕಾನ್ವೆಂಟಿಗೆ ಹಾಕು’ ಅಂತ ವಠಾರದವರೆಲ್ಲ ಹೇಳುತ್ತಾರೆ. ಏನು ಮಾಡಲಿ?
(ಗಾರ್ಮೆಂಟ್ಸ್ ಕೆಲಸದ ತಾಯಿ, ಬೊಮ್ಮನಹಳ್ಳಿ, ಬೆಂಗಳೂರು)

ಉತ್ತರ: ನೀವು ಕಂಡದ್ದು ಆಟವಲ್ಲಮ್ಮ, ಅದಕ್ಕೆ ‘ನಲಿ ಕಲಿ’ ಎಂದು ಹೆಸರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿದ ಪದ್ಧತಿ. ಮೂರು ಕ್ಲಾಸಿನ ಮಕ್ಕಳನ್ನು ಸೇರಿಸಿ ಕೂರಿಸುವುದು ಬೇಕೆಂದೇ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದಕ್ಕೂ ಒಂದು ಕಾರ್ಡು ಮಾಡಿರುತ್ತಾರೆ. ಕೆಲವು ಮೆಟ್ಟಿಲು ಸೇರಿದರೆ ಒಂದು ‘ಮೈಲಿಗಲ್ಲು’. ನಿಮ್ಮ ಮಗಳು ಯಾವ ಗುಂಪಿನಲ್ಲಿ ಕೂರುತ್ತಾಳೆ ಎನ್ನುವುದು ಅವಳ ಕ್ಲಾಸಿನ ಮೇಲೆ ನಿಂತಿಲ್ಲ. ಈಗ ಹಿಡಿದಿರುವ ಕಾರ್ಡನ್ನು ಕಲಿಯಲು ಅವಳಿಗೆ ಮಿಸ್ಸಿನ ಸಹಾಯ ಪೂರ್ತಿ ಬೇಕೋ, ಅರ್ಧ ಸಾಕೋ, ಗೆಳತಿ ಹೇಳಿಕೊಟ್ಟರೆ ಆಗುತ್ತದೋ, ತಾನೇ ಮಾಡಿಕೊಳ್ಳುತ್ತಾಳೋ ಎಂಬುದರ ಮೇಲೆ ನಿಂತಿದೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟುಕುವಷ್ಟು ಎತ್ತರಕ್ಕೆ ಬಳಿದಿರುವ ಕಪ್ಪು ಪಟ್ಟಿಯಲ್ಲಿ ಒಂದೊಂದು ಮಗುವಿಗೂ ಒಂದೊಂದು ಜಾಗ. ಮೇಲೆ ದಾರ ಕಟ್ಟಿ ನೇತುಹಾಕಿರುವುದು ಮಕ್ಕಳೇ ಮಾಡಿದ ಚಿತ್ರ, ಬರಹ. ಬೆಂಚು, ಸಾಲು, ಬೋರ್ಡು ಇದ್ದರೇ ಪಾಠ ಎಂದುಕೊಂಡವರಿಗೆ ಕಿಟಕಿಯಿಂದ ನೋಡಿದರೆ ಇದು ಗಲಾಟೆಯಾಗಿಯೇ ಕಾಣುತ್ತದೆ.

ಹಾಗಂತ ಎಲ್ಲ ಕಡೆಯೂ ಚೆನ್ನಾಗಿಯೇ ನಡೆಯುತ್ತಿದೆ ಎಂದಲ್ಲ. ಒಂದೇ ಒಂದು ಕಾರ್ಡು ಕಳೆದುಹೋದರೂ ಆ ಮೆಟ್ಟಿಲು ತಪ್ಪುತ್ತದೆ, ಮಗು ಅಲ್ಲೇ ನಿಂತುಬಿಡುತ್ತದೆ. ಮಿಸ್ಸು ಆನ್‌ಲೈನ್ ಮಾಹಿತಿ ತುಂಬಲೋ ಬಿಸಿಯೂಟದ ಲೆಕ್ಕಕ್ಕೋ ಎದ್ದು ಹೋದರೆ, ಅವರ ಸಹಾಯ ಪೂರ್ತಿ ಬೇಕಾದ ಗುಂಪು ಸುಮ್ಮನೆ ಕೂತಿರುತ್ತದೆ. ನಿಂತು ಹೋಗುವುದು ನಿಧಾನವಾಗಿ ಕಲಿಯುವ ಮಕ್ಕಳೇ. ಹಾಗಾಗಿ ಶಾಲೆಗೆ ಹೋದಾಗ ‘ಚೆನ್ನಾಗಿ ಓದ್ತಾಳಾ?’ ಎಂದು ಕೇಳಬೇಡಿ. ‘ಕನ್ನಡದಲ್ಲಿ ಎಷ್ಟನೇ ಮೈಲಿಗಲ್ಲಿನಲ್ಲಿದ್ದಾಳೆ, ಗಣಿತದಲ್ಲಿ ಎಷ್ಟನೆಯದು, ಹೋದ ತಿಂಗಳು ಎಲ್ಲಿದ್ದಳು?’ ಎಂದು ಕೇಳಿ. ಪ್ರಗತಿಯ ಪಟ್ಟಿ ತರಗತಿಯಲ್ಲೇ ಇರುತ್ತದೆ, ತೋರಿಸುತ್ತಾರೆ. ಎರಡು ತಿಂಗಳಿನಿಂದ ಒಂದೇ ಕಡೆ ನಿಂತಿದ್ದರೆ ಅದು ಗಮನ ಕೊಡಬೇಕಾದ ವಿಷಯ.

ಮನೆಯಲ್ಲೂ ಹತ್ತು ನಿಮಿಷದಲ್ಲಿ ನೋಡಬಹುದು. ಅವಳದೇ ಪುಸ್ತಕ ಬೇಡ, ಬಾಯಿಪಾಠ ಆಗಿರುತ್ತದೆ. ಅವಳು ನೋಡಿರದ ಮಕ್ಕಳ ಕತೆಯೊಂದರ ಎಂಟು ಸಾಲು ಓದಿಸಿ. ‘ಅಕ್ಕ’, ‘ಬೆಲ್ಲ’ ಥರದ ಸಜಾತಿ ಒತ್ತು ಸಲೀಸಾಗಿ ಬಂದು, ‘ಪುಸ್ತಕ’, ‘ರಾತ್ರಿ’ ಬಂದಾಗ ತಡವರಿಸಿದರೆ 2ನೇ ಕ್ಲಾಸಿನ ಮಗುವಿಗೆ ಅದು ಸಹಜ. ಕಾಗುಣಿತದಲ್ಲೇ, ‘ಕಿ’ ಯಾವುದು ‘ಕೆ’ ಯಾವುದು ಎನ್ನುವಲ್ಲೇ ಎಡವಿದರೆ ಮಾತ್ರ ಮಿಸ್ಸಿನ ಹತ್ತಿರ ಮಾತಾಡಿ. ಓದಿದ ಮೇಲೆ ಕತೆ ಏನೆಂದು ಅವಳ ಮಾತಲ್ಲಿ ಹೇಳಿಸಿ. ಲೆಕ್ಕಕ್ಕೆ 42ರಲ್ಲಿ 17 ಕಳೆಯಲು ಕೊಡಿ. ಉತ್ತರ 35 ಎಂದು ಬಂದರೆ, ಮಗು 7ರಲ್ಲಿ 2 ಕಳೆದಿದೆ, ಅಂದರೆ ದಶಕದಿಂದ ಸಾಲ ತರುವುದು ಇನ್ನೂ ಗೊತ್ತಾಗಿಲ್ಲ. ಹತ್ತು ಹತ್ತು ಕಡ್ಡಿಗಳ ಕಟ್ಟು ಮಾಡಿ, ಒಂದು ಕಟ್ಟು ಬಿಚ್ಚಿ ತೋರಿಸಿದರೆ ಒಂದು ವಾರದಲ್ಲಿ ಹಿಡಿದುಬಿಡುತ್ತಾರೆ.

ಇದೇ ಪರೀಕ್ಷೆಯನ್ನು ವಠಾರದಲ್ಲಿ ಕಾನ್ವೆಂಟಿಗೆ ಹೋಗುವ ಅದೇ ವಯಸ್ಸಿನ ಮಗುವಿಗೂ ಮಾಡಿ. ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಿದ ಮೇಲೆ ಅದರ ಅರ್ಥವನ್ನು ಮನೆಮಾತಿನಲ್ಲಿ ಕೇಳಿ. ಎರಡೂ ಉತ್ತರ ಕೈಯಲ್ಲಿಟ್ಟುಕೊಂಡು ಆಮೇಲೆ ಸಾಲದ ಮಾತು ಯೋಚಿಸಿ.

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಯಲ್ಲೂ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಶುರುವಾಗಿದೆ. ಕನ್ನಡದ್ದಕ್ಕೆ ಸೇರಿಸುವುದೋ ಇಂಗ್ಲಿಷಿನದ್ದಕ್ಕೋ? ಇಂಗ್ಲಿಷ್ ಬೇಕು ಎಂದರೆ ಕೆಲವರು ಕನ್ನಡದ್ರೋಹಿ ಎನ್ನುವ ಹಾಗೆ ನೋಡುತ್ತಾರೆ.
(ತರಕಾರಿ ವ್ಯಾಪಾರಿ, ಶಿವಮೊಗ್ಗ)

ಉತ್ತರ: ಮಗುವಿಗೆ ಇಂಗ್ಲಿಷ್ ಬರಲಿ ಎಂದು ಬಯಸುವುದು ದ್ರೋಹವಲ್ಲ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ್ದೇ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಹೇಳಿತು. ಆಯ್ಕೆ ನಿಮ್ಮದು. ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ಕನ್ನಡ ಸೆಕ್ಷನ್‌ನಲ್ಲೂ 2007–08ರಿಂದ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ, ಗಣಿತ, ಪರಿಸರ ಅಧ್ಯಯನಕ್ಕೆ ಕನ್ನಡ, ಇಂಗ್ಲಿಷ್ ಎರಡೂ ಇರುವ ದ್ವಿಭಾಷಾ ಪುಸ್ತಕ ಬಂದವು.

ಸೇರಿಸುವ ಮುನ್ನ ಇಷ್ಟು ತಿಳಿದುಕೊಳ್ಳಿ. ಆ ಸೆಕ್ಷನ್‌ಗೆ ಪಾಠ ಮಾಡುವವರು ಕಾಯಂ ಶಿಕ್ಷಕರೋ ಅತಿಥಿ ಶಿಕ್ಷಕರೋ, ಅವರಿಗೆ ಇಂಗ್ಲಿಷ್ ಮಾಧ್ಯಮದ ತರಬೇತಿ ಆಗಿದೆಯೋ? ಅತಿಥಿ ಶಿಕ್ಷಕರಾದರೆ ವರ್ಷ ವರ್ಷ ಬದಲಾಗಬಹುದು, ಜೂನಿನಲ್ಲೇ ಬರುತ್ತಾರೆಂಬ ಖಾತರಿಯಿಲ್ಲ. ಆ ಮಾಧ್ಯಮ ಅದೇ ಶಾಲೆಯಲ್ಲಿ ಎಷ್ಟನೇ ಕ್ಲಾಸಿನ ತನಕ ಇದೆ? ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಂದುವರಿಯುತ್ತದೆಯೇ? 8ನೇ ತರಗತಿಗೆ ಬಂದು ಮಾಧ್ಯಮ ಬದಲಿಸಬೇಕಾದ ಮಗು ವಿಜ್ಞಾನದಲ್ಲಿ ಒದ್ದಾಡುತ್ತದೆ. ಶಿಕ್ಷಕರೇ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡದ ಸೆಕ್ಷನ್‌ಗಿಂತ, ಕನ್ನಡದಲ್ಲಿ ಗಣಿತ ಅರ್ಥವಾಗಿ, ದಿನಕ್ಕೊಂದು ಪೀರಿಯಡ್ ಇಂಗ್ಲಿಷ್ ಮಾತು ಸರಿಯಾಗಿ ನಡೆಯುವ ಸೆಕ್ಷನ್ ಒಳ್ಳೆಯದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ನಮ್ಮದು ನಗರದ ಹಿರಿಯ ಪ್ರಾಥಮಿಕ ಶಾಲೆ. ದಾಖಲಾತಿ ಇಳಿಯುತ್ತಲೇ ಇದೆ. ಶಾಲೆಯ ಬಗ್ಗೆ ಮಕ್ಕಳು, ಪೋಷಕರು, ಊರಿನ ಮುಖಂಡರು ನಿಜವಾಗಿ ಏನಂದುಕೊಂಡಿದ್ದಾರೆ ಎಂದು ತಿಳಿಯಲು ಹೋದ ವರ್ಷ ಒಂದು ಫಾರಂ ಹಂಚಿದ್ದೆವು. ಎಲ್ಲರೂ ‘ತುಂಬಾ ಚೆನ್ನಾಗಿದೆ’ ಎಂದೇ ಟಿಕ್ ಮಾಡಿ ಕೊಟ್ಟರು. ಮುಂದಿನ ಜೂನಿನಲ್ಲಿ ಮತ್ತಷ್ಟು ಮಕ್ಕಳು ಟೀಸಿ (ವರ್ಗಾವಣೆ ಪತ್ರ) ತೆಗೆದುಕೊಂಡು ಹೋದರು. ಎಲ್ಲಿ ತಪ್ಪಿತು?
(ಎಸ್‌ಡಿಎಂಸಿ ಸದಸ್ಯ, ದಾವಣಗೆರೆ)

ಉತ್ತರ: ಕೇಳಿದ್ದು ಯಾರು, ಕೇಳಿದ್ದು ಯಾರನ್ನು, ಕೇಳಿದ್ದು ಏನು ಎಂಬ ಮೂರು ಕಡೆಯೂ ತಪ್ಪಿರಬೇಕು. ಫಾರಂ ಮಗುವಿನ ಚೀಲದಲ್ಲಿ ಮನೆಗೆ ಹೋಗಿದ್ದರೆ, ಓದಲು ಬಾರದ ಅಪ್ಪ ಅಮ್ಮನ ಪರವಾಗಿ ತುಂಬಿದ್ದು ಆ ಮಗುವೇ. ವಾಪಸು ಹೋಗುವುದು ಕ್ಲಾಸ್ ಟೀಚರ್ ಕೈಗೆ. ಮತ್ತೇನು ಬರೆಯುತ್ತಾರೆ?

ಮೊದಲು ಪಟ್ಟಿ ಮಾಡಿ. ಈಗ ಓದುತ್ತಿರುವ ಮಕ್ಕಳ ಪೋಷಕರು ಒಂದು ಗುಂಪು ಅಷ್ಟೇ. ನಿಮಗೆ ಬೇಕಾದ ಸಂಗತಿ ಇರುವುದು ಬಿಟ್ಟುಹೋದವರ ಹತ್ತಿರ. ಎರಡು ವರ್ಷದ ಟೀಸಿ ಪುಸ್ತಕದ ಉಳಿಕೆ ಪ್ರತಿಯಲ್ಲಿ ಅವರ ವಿವರ ಸಿಗುತ್ತದೆ. ಶಾಲೆಯ ಪಕ್ಕದ ಬೀದಿಯಲ್ಲೇ ಇದ್ದೂ ಒಮ್ಮೆಯೂ ಈ ಗೇಟು ದಾಟದ ಮನೆಗಳು ಮೂರನೆಯ ಗುಂಪು. ಯಾವ ಮನೆಯ ಮಗು ಯಾವ ಶಾಲೆಗೆ ಹೋಯಿತೆಂದು ಅಂಗನವಾಡಿ ಕಾರ್ಯಕರ್ತೆಗೆ ಬೆರಳ ತುದಿಯಲ್ಲಿ ಗೊತ್ತಿರುತ್ತದೆ, ಅವರನ್ನು ಕೇಳಿ. ಮುಖಂಡರೆಂದರೆ ಪಾಲಿಕೆ ಸದಸ್ಯರು, ದೇವಸ್ಥಾನ, ಮಸೀದಿ, ಚರ್ಚ್ ಕಮಿಟಿಯವರು ಮಾತ್ರವಲ್ಲ. ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಆಟೋ ನಿಲ್ದಾಣದ ಹಿರಿಯ, ಸಂಜೆ ಟ್ಯೂಷನ್ ಹೇಳುವವರು, ಗೇಟಿನ ಎದುರಿನ ಅಂಗಡಿಯವರು ಕೂಡ. ಹೊಸದಾಗಿ ಬಾಡಿಗೆಗೆ ಬಂದ ಸಂಸಾರ ‘ಇಲ್ಲಿ ಯಾವ ಸ್ಕೂಲ್ ಚೆನ್ನಾಗಿದೆ?’ ಎಂದು ಕೇಳುವುದು ಆ ಅಂಗಡಿಯಲ್ಲೇ.

ಎಲ್ಲರನ್ನೂ ಕೇಳಬೇಕಾಗಿಲ್ಲ. 4ರಿಂದ 7ನೇ ತರಗತಿಯ ತನಕ 180 ಮಕ್ಕಳಿದ್ದಾರೆ ಎನ್ನಿ. ಹಾಜರಿ ಪುಸ್ತಕದ ಹೆಸರುಗಳನ್ನು ಒಂದೇ ಸಾಲಾಗಿ ಎಣಿಸಿ, 1ರಿಂದ 6ರೊಳಗೆ ಒಂದು ಚೀಟಿ ಎತ್ತಿ. 4 ಬಂದರೆ 4, 10, 16, 22 ಹೀಗೆ ಪ್ರತಿ ಆರನೆಯ ಹೆಸರು. 30 ಮಕ್ಕಳು ಸಿಗುತ್ತಾರೆ. ಅವತ್ತು ಗೈರಾದ ಮಗುವಿನ ಬದಲು ಪಕ್ಕದವನನ್ನು ಕರೆಯಬೇಡಿ. ಪದೇ ಪದೇ ಗೈರಾಗುವ ಮಗುವಿನ ಮಾತೇ ನಿಮಗೆ ಬಹಳ ಮುಖ್ಯ, ಮನೆಗೆ ಹೋಗಿ ಕೇಳಿ. ಪೋಷಕರಿಗೂ ಇದೇ ಕ್ರಮ. ಬಿಟ್ಟುಹೋದವರು ಹದಿನೈದು ಇಪ್ಪತ್ತೇ ಇದ್ದರೆ ಅಷ್ಟೂ ಮನೆಗೆ ಹೋಗಿ.

ಕೇಳುವವರು ಶಿಕ್ಷಕರಾಗಬಾರದು, ನಿಮ್ಮ ಎಸ್‌ಡಿಎಂಸಿಯವರೂ ಬೇಡ. ಹತ್ತಿರದ ಬಿ.ಇಡಿ ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿಕೊಳ್ಳಿ, ಇಲ್ಲವೇ ಬೇರೆ ಬಡಾವಣೆಯ ಶಾಲೆಯ ಎಸ್‌ಡಿಎಂಸಿ ಜೊತೆ ಅದಲುಬದಲು ಮಾಡಿಕೊಳ್ಳಿ. ಹೋಗುವ ಹೊತ್ತು ಸಂಜೆ ಏಳರ ಮೇಲೆ ಅಥವಾ ಭಾನುವಾರ. ಗಂಡ ಹೆಂಡತಿ ಇಬ್ಬರೂ ಇದ್ದರೆ ಉತ್ತರ ಗಂಡನದೇ ಆಗುತ್ತದೆ. ಮಗುವಿನ ಶಾಲೆಯ ವಿಷಯ ಹೆಚ್ಚು ಗೊತ್ತಿರುವುದು ತಾಯಿಗೆ, ಹಾಗಾಗಿ ಇಬ್ಬರು ಹೋಗಿ ಬೇರೆ ಬೇರೆಯಾಗಿ ಮಾತಾಡಿಸಿ.

ಇನ್ನು ಪ್ರಶ್ನೆಗಳು. ‘ಶಾಲೆ ಚೆನ್ನಾಗಿದೆಯಾ?’ ಎಂದರೆ ‘ಚೆನ್ನಾಗಿದೆ ಸಾರ್’ ಎನ್ನುತ್ತಾರೆ. ಮನೆಗೆ ಬಂದವರ ಮುಂದೆ ಬೇರೆ ಹೇಳುವ ರೂಢಿ ನಮ್ಮಲ್ಲಿಲ್ಲ. ಅಭಿಪ್ರಾಯ ಕೇಳುವ ಬದಲು ನಡೆದದ್ದನ್ನು ಕೇಳಿ: ‘ಹೋದ ವಾರ ಮಗು ಎಷ್ಟು ದಿನ ಶಾಲೆಯಲ್ಲಿ ಊಟ ಮಾಡಿತು?’ ‘ಶೌಚಕ್ಕೆ ಶಾಲೆಯಲ್ಲೇ ಹೋಗುತ್ತಾಳಾ, ಮನೆಗೆ ಬರುವ ತನಕ ತಡೆದುಕೊಳ್ಳುತ್ತಾಳಾ?’ ‘ಈ ವರ್ಷ ನೀವು ಟೀಚರ್ ಜೊತೆ ಎಷ್ಟು ಸಲ ಮಾತಾಡಿದಿರಿ?’ ಆಮೇಲೆ ಒಂದೇ ಒಂದು ಅಭಿಪ್ರಾಯದ ಪ್ರಶ್ನೆ: ‘ನಿಮ್ಮ ತಂಗಿ ಈ ಬಡಾವಣೆಗೆ ಬಂದರೆ ಅವಳ ಮಗುವನ್ನು ಈ ಶಾಲೆಗೆ ಸೇರಿಸು ಅಂತ ಹೇಳ್ತೀರಾ?’ ಇಲ್ಲ ಎಂದರೆ, ‘ಮೊದಲನೇ ಕಾರಣ ಯಾವುದು?’ ತಂಗಿಯ ಮಗುವಿನ ಮಾತು ಬಂದಾಗ ಮುಲಾಜು ಹೋಗುತ್ತದೆ. ಮುಖಂಡರಿಗೂ ಇದೇ ಪ್ರಶ್ನೆಯನ್ನು ಇದೇ ಮಾತುಗಳಲ್ಲಿ ಕೇಳಿ, ಮಾತು ಬದಲಾದರೆ ಹೋಲಿಸಲು ಬರುವುದಿಲ್ಲ.

‘ಕಟ್ಟಡ ಮತ್ತು ಪಾಠ ಚೆನ್ನಾಗಿದೆಯೇ?’ ಎಂದು ಎರಡನ್ನು ಒಂದರಲ್ಲಿ ಕಟ್ಟಬೇಡಿ. ‘ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ...’ ಎಂಬ ಐದು ಮನೆಯ ಅಳತೆಯೂ ಬೇಡ, ಜನ ನಡುವಿನದಕ್ಕೇ ಬೆರಳಿಡುತ್ತಾರೆ. ಮಕ್ಕಳಿಗಂತೂ ಮೂರು ಲೋಟ, ಒಂದು ಹಿಡಿ ಹುಣಸೆಬೀಜ ಸಾಕು. ನಗುಮುಖ, ಸಪ್ಪೆ ಮುಖ, ಅಳುಮುಖ ಅಂಟಿಸಿದ ಲೋಟ. ‘ಆಟದ ಪೀರಿಯಡ್’ ಎಂದಾಗ ಒಂದು ಬೀಜ, ‘ಗಣಿತದ ಪೀರಿಯಡ್’ ಎಂದಾಗ ಒಂದು, ‘ಶೌಚಾಲಯ’ ಎಂದಾಗ ಒಂದು. ಒಬ್ಬೊಬ್ಬರನ್ನೇ ಕರೆಯಬೇಕು, ಇಲ್ಲದಿದ್ದರೆ ಮೊದಲನೆಯವನು ಹಾಕಿದ ಲೋಟಕ್ಕೇ ಉಳಿದವರೂ ಹಾಕುತ್ತಾರೆ. ಹೆಸರು ಬರೆದುಕೊಳ್ಳಬೇಡಿ. ಆದರೆ ಯಾವುದಾದರೂ ಮಗು ಹೊಡೆತದ ಬಗ್ಗೆಯೋ ಕೆಟ್ಟದಾಗಿ ಮುಟ್ಟುವವರ ಬಗ್ಗೆಯೋ ಹೇಳಿದರೆ ಅದು ಸಮೀಕ್ಷೆಯ ಲೆಕ್ಕವಲ್ಲ, ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಹನ್ನೆರಡು ಪ್ರಶ್ನೆ, ಹದಿನೈದು ನಿಮಿಷ ಮೀರಬೇಡಿ. ಆದಾಯ, ಫೀಸಿನ ಮಾತು ಕೊನೆಗಿರಲಿ. ಐದು ಮನೆಯಲ್ಲಿ ಕೇಳಿ ನೋಡಿ, ಅರ್ಥವಾಗದ ಪ್ರಶ್ನೆ ತಿದ್ದಿಕೊಂಡ ಮೇಲೆ ಉಳಿದ ಕಡೆ ಹೋಗಿ.

ಲೆಕ್ಕ ಹಾಕುವಾಗ ಹನ್ನೆರಡು ಜನರಲ್ಲಿ ಒಂಬತ್ತು ಎಂದೇ ಬರೆಯಿರಿ, ‘ಶೇ 75’ ಎನ್ನಬೇಡಿ. ಮಕ್ಕಳು, ಪೋಷಕರು, ಮುಖಂಡರು ಈ ಮೂವರ ಉತ್ತರವನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಡಿ. ಸಾಮಾನ್ಯವಾಗಿ ಮುಖಂಡರ ಬಾಯಲ್ಲಿ ಬರುವುದು ಕಟ್ಟಡ, ಕಾಂಪೌಂಡು; ಪೋಷಕರದು ಇಂಗ್ಲಿಷ್, ಟೀಚರ್ ಕೊರತೆ, ರಸ್ತೆ ದಾಟುವ ಭಯ; ಮಕ್ಕಳದು ಶೌಚಾಲಯ, ಬೈಗುಳ, ಗೆಳೆಯರು. ದುಡ್ಡು ಮಾತ್ರ ಮುಖಂಡರು ಹೇಳಿದ್ದಕ್ಕೇ ಹೋಗುತ್ತದೆ. ತಿಂಗಳೊಳಗೆ ಸಭೆ ಕರೆದು ಫಲಿತಾಂಶ ಓದಿ, ಒಂದು ಕೆಲಸ ಹಿಡಿದು ಅದಕ್ಕೊಂದು ತಾರೀಕು ಗೊತ್ತುಮಾಡಿ. ಕೇಳಿ ಸುಮ್ಮನಾದರೆ ಮುಂದಿನ ವರ್ಷ ಯಾರೂ ಬಾಯಿ ಬಿಡುವುದಿಲ್ಲ.

ಒಂದು ಎಚ್ಚರಿಕೆ. ನಗರದ ಶಾಲೆಯ ವಿಷಯಕ್ಕೆ ಪತ್ರಿಕೆಯಲ್ಲಿ ಬರುವ ‘ಅಸರ್’ ವರದಿಯ ಅಂಕಿ ಎತ್ತಿಕೊಳ್ಳಬೇಡಿ. ಅದು ಹಳ್ಳಿಗಳ ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆ.

ಪ್ರಶ್ನೆ: ಪೋಷಕರ ಸಭೆಗೆ ಐದಾರು ಜನವೂ ಬರುವುದಿಲ್ಲ. ಇವರಿಗೆ ಮಕ್ಕಳ ಬಗ್ಗೆ ಕಾಳಜಿಯೇ ಇಲ್ಲವೇನೋ ಅನ್ನಿಸುತ್ತದೆ.
(ಮುಖ್ಯಶಿಕ್ಷಕಿ, ಹುಬ್ಬಳ್ಳಿ)

ಉತ್ತರ: ಸಭೆ ಯಾವ ಹೊತ್ತಿಗೆ ಇಟ್ಟಿದ್ದೀರಿ ಎಂದು ಬರೆದಿಲ್ಲ. ಶನಿವಾರ ಹನ್ನೊಂದು ಗಂಟೆಯಾದರೆ, ಕೂಲಿಗೆ, ಮನೆಗೆಲಸಕ್ಕೆ, ಕಾರ್ಖಾನೆಗೆ ಹೋಗುವವರು ಬರಲಾರರು. ಒಂದು ದಿನ ಬಿಟ್ಟರೆ ಅವತ್ತಿನ ಕೂಲಿ ಹೋಯಿತು, ಹಾಜರಾತಿ ಬೋನಸ್ ಇರುವ ಕಡೆ ಅದೂ ಹೋಯಿತು. ಭಾನುವಾರ ಬೆಳಿಗ್ಗೆ, ಇಲ್ಲವೇ ಸಂಜೆ ಆರೂವರೆಗೆ ಒಮ್ಮೆ ಕರೆದು ನೋಡಿ. ಇಡೀ ಶಾಲೆಗೆ ಒಂದು ಸಭೆ ಬೇಡ, ಒಂದು ತರಗತಿಗೆ ಒಂದು ದಿನ ಇರಲಿ. ಚೀಟಿಯ ಬದಲು ಫೋನಿಗೆ ದನಿಯ ಸಂದೇಶ ಕಳಿಸಿ. ಉರ್ದು ಮಾತಾಡುವ ಮನೆಗಳಿಗೆ ಉರ್ದು ಬಲ್ಲ ತಾಯಿಯೊಬ್ಬರ ದನಿಯಲ್ಲಿ.

ಸಭೆ ಎಂದರೆ ಒಂದೋ ದೂರು, ಇಲ್ಲಾ ಸಹಿ ಎಂದು ಪೋಷಕರಿಗೆ ಅಭ್ಯಾಸವಾಗಿಬಿಟ್ಟಿದೆ. ‘ನಿಮ್ಮ ಹುಡುಗ ಬರೋದೇ ಇಲ್ಲ’ ಎಂದು ಹತ್ತು ಜನರ ಮುಂದೆ ಅಂದರೆ ಆ ತಾಯಿ ಮತ್ತೆ ಬರುವುದಿಲ್ಲ. ಒಬ್ಬೊಬ್ಬರಿಗೆ ಐದು ನಿಮಿಷ ಕೊಡಿ, ಜೂನಿನ ಪುಟ, ಈಗಿನ ಪುಟ ಎರಡನ್ನೂ ತೆರೆದು ತೋರಿಸಿ. ಓದು ಬಾರದ ತಾಯಿಗೂ ಅಕ್ಷರ ದುಂಡಾಗಿರುವುದು ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಆ ಮಹಿಳೆಯರ ಬದಲು ಅವರ ಗಂಡಂದಿರು ಬಂದು ಕೂರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಪ್ರಶ್ನೆ: ಮಗ 7ನೇ ಕ್ಲಾಸು. ಟ್ಯೂಷನ್ನಿಗೆ ಹೋಗುವಾಗ ಸರ್ಕಾರಿ ಶಾಲೆಯ ಯೂನಿಫಾರಂ ಬಿಚ್ಚಿ ಚೀಲದಲ್ಲಿ ತುರುಕಿ ಹೋಗುತ್ತಾನೆ. ಯಾವ ಸ್ಕೂಲೆಂದು ಕೇಳಿದರೆ ಬೇರೆ ಹೆಸರು ಹೇಳುತ್ತಾನಂತೆ. ಬೈಯಲೋ ಬೇಡವೋ?
(ಆಟೋ ಚಾಲಕ, ಮೈಸೂರು)

ಉತ್ತರ: ಬೈಯಬೇಡಿ. ಸರ್ಕಾರಿ ಶಾಲೆಯಲ್ಲಿ ಓದಿ ದೊಡ್ಡವರಾದವರ ಪಟ್ಟಿಯನ್ನೂ ಹೇಳಬೇಡಿ, ಹನ್ನೆರಡು ವರ್ಷದ ಹುಡುಗನಿಗೆ ಅದರಿಂದ ಏನೂ ಆಗದು. ಅವನಿಗೆ ನಾಚಿಕೆಯಾಗುತ್ತಿರುವುದು ಯಾವುದೋ ಒಂದು ಸಣ್ಣ ಕಾರಣಕ್ಕೆ, ಅದನ್ನು ಹುಡುಕಿ. ಅಂಗಿಯ ತೋಳು ಗಿಡ್ಡವಾಗಿರಬಹುದು, ಶೂ ಅಳತೆ ತಪ್ಪಿರಬಹುದು, ಅಂಗಿ ಒಗೆದರೆ ಹಾಕಲು ಎರಡನೆಯದು ಇಲ್ಲದಿರಬಹುದು. ಟ್ಯೂಷನ್ನಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಬಾರದೆ ಉಳಿದವರು ನಕ್ಕಿರಬಹುದು. ಅಂಗಿಯದಾದರೆ ದರ್ಜಿಯ ಹತ್ತಿರ ಒಂದು ಸಂಜೆಯ ಕೆಲಸ. ಇಂಗ್ಲಿಷಿನದಾದರೆ, ತನ್ನ ಬಗ್ಗೆ, ಮನೆಯ ಬಗ್ಗೆ, ಆಟದ ಬಗ್ಗೆ ಹತ್ತು ವಾಕ್ಯ ತಡೆಯಿಲ್ಲದೆ ಆಡಲು ಶಾಲೆಯ ಇಂಗ್ಲಿಷ್ ಟೀಚರ್ ಜೊತೆ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಸಾಕು.

ಇನ್ನೊಂದು ಸಂಗತಿಯನ್ನು ಅವನಿಗೆ ತಿಳಿಸಿ. 8ನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಆಯ್ಕೆಯಾದರೆ 9ರಿಂದ 12ನೇ ತರಗತಿಯ ತನಕ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. 7ನೇ ತರಗತಿಯಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5ರ ರಿಯಾಯಿತಿ. ಹಾಗಾಗಿ ಈ ವರ್ಷದ ಅಂಕ ಮುಖ್ಯ. ಬುದ್ಧಿಸಾಮರ್ಥ್ಯಕ್ಕೆ 90, ಪಾಠದ ವಿಷಯಕ್ಕೆ 90 ಪ್ರಶ್ನೆ, ಒಂದೊಂದಕ್ಕೂ 90 ನಿಮಿಷ. ಈ ಪರೀಕ್ಷೆ ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಟ್ಯೂಷನ್ನಿನ ಖಾಸಗಿ ಶಾಲೆಯ ಗೆಳೆಯರು ಬರೆಯಲಾರದ ಪರೀಕ್ಷೆಯನ್ನು ತಾನು ಬರೆಯಬಹುದು ಎಂದು ಗೊತ್ತಾದರೆ ಅವನ ನಡಿಗೆಯೇ ಬದಲಾಗುತ್ತದೆ.

ಪ್ರಶ್ನೆ: ಬಡಾವಣೆಯ ನಿವಾಸಿಗಳ ಸಂಘದಿಂದ ಪಕ್ಕದ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕೆಂದಿದ್ದೇವೆ. ಬಣ್ಣ ಬಳಿಸಿ, ಒಂದು ಸ್ಮಾರ್ಟ್ ಬೋರ್ಡ್ ಕೊಡುವ ಯೋಚನೆ.
(ಸಂಘದ ಅಧ್ಯಕ್ಷ, ವಿಜಯನಗರ, ಬೆಂಗಳೂರು)

ಉತ್ತರ: ಒಳ್ಳೆಯ ಮನಸ್ಸು. ಆದರೆ ಮೊದಲು ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಶೌಚಾಲಯದ ಬಾಗಿಲು ತೆರೆದು ನೋಡಿ. 40 ಮಕ್ಕಳಿಗೆ ಒಂದು ಶೌಚಾಲಯ, ಮೂರು ಮೂತ್ರಾಲಯ ಎನ್ನುವುದು ಸ್ವಚ್ಛ ವಿದ್ಯಾಲಯ ಕಾರ್ಯಕ್ರಮದ ಲೆಕ್ಕ. ಹಗಲು ಶಾಲೆಗೆ ತಲೆಗೆ ದಿನಕ್ಕೆ 45 ಲೀಟರ್ ನೀರು ಬೇಕೆನ್ನುವುದು ಕಟ್ಟಡ ಕಟ್ಟುವವರು ಹಿಡಿಯುವ ಅಳತೆ. 200 ಮಕ್ಕಳಿಗೆ 9,000 ಲೀಟರ್. ಮೇಲೆ ಹತ್ತಿ ನೋಡಿದರೆ ಸಾವಿರ ಲೀಟರಿನ ಒಂದೇ ಸಿಂಟೆಕ್ಸ್ ಟ್ಯಾಂಕ್ ಇದ್ದರೆ, ಹನ್ನೊಂದು ಗಂಟೆಗೆ ನಲ್ಲಿ ಒಣಗುವುದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಶೌಚಾಲಯವನ್ನು ಮಕ್ಕಳಿಂದ ತೊಳೆಸುವಂತಿಲ್ಲ, ತೊಳೆಸಲೂಬಾರದು. ತೊಳೆಯಲು ಆಯಾ ಇಲ್ಲದ ಶಾಲೆಗಳು ಬಹಳ. ಒಬ್ಬ ಆಯಾಗೆ ಮೂರು ವರ್ಷ ತಿಂಗಳು ತಿಂಗಳು ಸಂಬಳ ಕೊಡುವುದು ಸಮಾರಂಭದಲ್ಲಿ ಫೋಟೋ ತೆಗೆಯುವಂಥ ಕೊಡುಗೆ ಅಲ್ಲ. ಆದರೆ ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿಯುವುದು ಅದರಿಂದಲೇ.

ಶಾಲೆಗೆ ಸರ್ಕಾರದಿಂದ ಬರುವ ಹಣ ಎಷ್ಟೆಂದೂ ಗೊತ್ತಿರಲಿ. ‘ಸಮಗ್ರ ಶಿಕ್ಷಣ’ ಯೋಜನೆಯ ಶಾಲಾ ಅನುದಾನದ ಮಾರ್ಗಸೂಚಿಯಲ್ಲಿ 100ರ ಮೇಲೆ 250ರ ತನಕ ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ. ಅದರಲ್ಲೇ ಸ್ವಚ್ಛತೆಗೆ ಕನಿಷ್ಠ ಶೇ 10. ಸೀಮೆಸುಣ್ಣ, ರಿಪೇರಿ, ಕಸಬರಿಕೆ ಎಲ್ಲ ಅಷ್ಟರಲ್ಲೇ ಆಗಬೇಕು.

ಸ್ಮಾರ್ಟ್ ಬೋರ್ಡ್ ಕೊಡಲೇಬೇಕೆಂದರೆ ಬೋರ್ಡಿನ ಬೆಲೆಯ ಜೊತೆಗೆ ಉಳಿದದ್ದನ್ನೂ ಸೇರಿಸಿ. ವಿದ್ಯುತ್ ಬಿಲ್ಲಿನದು ಈಗ ದೊಡ್ಡ ಚಿಂತೆಯಲ್ಲ, 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಘೋಷಣೆಯಾಗಿದೆ. ತೊಂದರೆ ಕೊಡುವುದು ಹಳೇ ವೈರಿಂಗ್, ಇಲ್ಲದ ಅರ್ಥಿಂಗ್, ಕಿಟಕಿಗೆ ಸರಳಿಲ್ಲದ ಕೋಣೆ. ಯುಪಿಎಸ್ ಬ್ಯಾಟರಿ ಕೆಲವು ವರ್ಷಕ್ಕೆ ಸತ್ತ ಮೇಲೆ ಬೋರ್ಡಿನ ಮೇಲೆ ಬಟ್ಟೆ ಹೊದಿಸಿಡುತ್ತಾರೆ. ನಿರ್ವಹಣೆಯ ಒಪ್ಪಂದ ನಿಮ್ಮ ಸಂಘದ ಹೆಸರಲ್ಲೇ ಇರಲಿ. ಒಳಗಿನ ಪಾಠಗಳು ರಾಜ್ಯ ಪಠ್ಯದ್ದೋ, ಕನ್ನಡದಲ್ಲಿವೆಯೋ ಎಂದು ಪಾಠ ಮಾಡುವ ಶಿಕ್ಷಕರಿಂದಲೇ ನೋಡಿಸಿ.

ಕೊಡುವ ಮುನ್ನ ಎಸ್‌ಡಿಎಂಸಿ ನಡಾವಳಿಯಲ್ಲಿ ಠರಾವು, ಕೊಟ್ಟ ಮೇಲೆ ರಸೀದಿ, ದಾಸ್ತಾನು ವಹಿಯಲ್ಲಿ ನಮೂದು, ಮೂರೂ ಆಗಲಿ. ಮುಖ್ಯಶಿಕ್ಷಕರಿಗೆ ವರ್ಗವಾದಾಗ ವಸ್ತು ಶಾಲೆಯದೆಂದು ಉಳಿಯುವುದು ಆ ವಹಿಯಿಂದ.

ಪ್ರಶ್ನೆ: ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿಗೆ ಅರ್ಜಿ ಹಾಕಲು ಹೋದರೆ ನಮ್ಮ ವಾರ್ಡಿನ ಒಂದು ಖಾಸಗಿ ಶಾಲೆಯೂ ಪಟ್ಟಿಯಲ್ಲಿಲ್ಲ. ಮೊದಲು ಸಿಗುತ್ತಿತ್ತಲ್ಲ?
(ಪೋಷಕರು, ತುಮಕೂರು)

ಉತ್ತರ: 2018ರ ಕೊನೆಗೆ ರಾಜ್ಯದ ನಿಯಮ ತಿದ್ದುಪಡಿಯಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, ಅನುದಾನರಹಿತ ಖಾಸಗಿ ಶಾಲೆಯಲ್ಲಿ ದುರ್ಬಲ ವರ್ಗದ ಮಕ್ಕಳಿಗೆಂದು ಇಟ್ಟ ಶೇ 25ರ ಸೀಟಿಗೆ ಸರ್ಕಾರ ಮಕ್ಕಳನ್ನು ಕಳಿಸುವುದಿಲ್ಲ. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಗರದಲ್ಲಿ ನೆರೆಹೊರೆ ಎಂದರೆ ವಾರ್ಡ್. ನಗರದ ವಾರ್ಡುಗಳಲ್ಲಿ ಇಂಥ ಶಾಲೆ ಇಲ್ಲದಿರುವುದು ಅಪರೂಪ, ಅದಕ್ಕೇ ಪಟ್ಟಿ ಬರಿದು. ಅನುದಾನಿತ ಶಾಲೆಗಳನ್ನು ವಿಚಾರಿಸಿ. ಫೀಸು ಕಟ್ಟಿ ಖಾಸಗಿಗೆ ಸೇರಿಸುವುದಾದರೆ 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತಿನ ಸಂಖ್ಯೆ), ಯಾವ ತರಗತಿಯ ತನಕ, ಯಾವ ಮಾಧ್ಯಮಕ್ಕೆ ಮಾನ್ಯತೆ ಇದೆಯೆಂಬ ಆದೇಶ ಎರಡನ್ನೂ ನೋಡಿ. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು 2006ರಲ್ಲಿ ಸರ್ಕಾರ ರದ್ದು ಮಾಡಿದಾಗ ಅಲೆದಾಡಿದ್ದು ಪೋಷಕರೇ. ಸಿಬಿಎಸ್‌ಇ ಎಂದು ಬೋರ್ಡು ಹಾಕಿದ್ದರೆ ಸಂಯೋಜನೆಯ ಸಂಖ್ಯೆ ಕೇಳಿ, ಮಂಡಳಿಯ ಜಾಲತಾಣದಲ್ಲಿ ಹೋಲಿಸಿ.

ಪ್ರಶ್ನೆ: ಕೆಲಸ ಅರಸಿ ಯಾದಗಿರಿಯಿಂದ ಬೆಂಗಳೂರಿಗೆ ಬಂದೀವಿ. ಊರಿನ ಸಾಲ್ಯಾಗ ಟೀಸಿ ಕೊಟ್ಟಿಲ್ಲ. ಇಲ್ಲಿ ವರ್ಷದ ನಡುವೆ ತಗೊಳ್ಳಂಗಿಲ್ಲ, ಟೀಸಿ, ಆಧಾರ್ ತರ್ರಿ ಅಂತಾರ.
(ಕಟ್ಟಡ ಕಾರ್ಮಿಕ, ಕೆ.ಆರ್. ಪುರ)

ಉತ್ತರ: ತಗೊಳ್ಳಲೇಬೇಕು. ಟೀಸಿ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ. ಟೀಸಿ ಕೊಡಲು ಸತಾಯಿಸುವ ಮುಖ್ಯಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅದೇ ಕಲಂನಲ್ಲಿ ಅವಕಾಶ ಇದೆ. ವಯಸ್ಸಿನ ದಾಖಲೆ ಇಲ್ಲವೆಂದು ತಳ್ಳುವಂತಿಲ್ಲ, 14ನೇ ಕಲಂ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, 15ನೇ ಕಲಂ. ಆಧಾರ್ ಇಲ್ಲದಿದ್ದರೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲವೆಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಊರಿನ ಶಾಲೆಗೆ ಫೋನು ಮಾಡಿ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ) ಕೇಳಿ ಬರೆದುಕೊಳ್ಳಿ. ಆ ಸಂಖ್ಯೆ ಇದ್ದರೆ ಇಲ್ಲಿನ ಶಾಲೆಯವರಿಗೆ ಹಳೆಯ ದಾಖಲೆ ಆನ್‌ಲೈನಿನಲ್ಲೇ ಸಿಗುತ್ತದೆ. ಅದೂ ಸಿಗದಿದ್ದರೆ ವಯಸ್ಸಿಗೆ ನೀವೇ ಬರೆದುಕೊಡುವ ಹೇಳಿಕೆ ಸಾಕು, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಬಾಯಿಮಾತಿನಲ್ಲಿ ಆಗಲ್ಲ ಎಂದರೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಸಹಿ, ಸೀಲು ಹಾಕಿಸಿಕೊಳ್ಳಿ. ಸಹಿಗೂ ಒಪ್ಪದಿದ್ದರೆ ಅದೇ ಹಾಳೆ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ.